ಗಿಡ್ಡ ಬೇರಿನ ಹಲ್ಲುಗಳು

ನನ್ನ ಹಲ್ಲುಗಳ ಬಗ್ಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಅಜ್ಜಿಯ ಪ್ರಕಾರ ನಾನು ಬಿದ್ದ ಹಲ್ಲನ್ನು ಸರಿಯಾಗಿ ಎಸೆದಿರಲಿಲ್ಲ. ಅಪ್ಪನ ಪ್ರಕಾರ ಎಲ್ಲಕ್ಕೂ ಕಾರಣ ಚಾಕ್ಲೇಟು. ಅಮ್ಮನ ಪ್ರಕಾರ ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹಾಕಿ ಹಾಕಿ, ಹೊಸ ಹಲ್ಲು ಬರದ ಹಾಗೆ ನಾನೇ ಮಾಡಿಕೊಂಡಿದ್ದೆ. "ನಾಲಿಗೆ ಒಳಗಿಡೇ" ಎನ್ನುವುದು ನನ್ನ ಬಾಲ್ಯದಲ್ಲಿ ನಾನು ಅತಿ ಹೆಚ್ಚು ಕೇಳಿಸಿಕೊಂಡ ಮಾತು. ಅಜ್ಜಿಯದ್ದನ್ನು ಬೇಕಾದರೆ ಬಿಡೋಣ, ಅವಳಿಗೆ ತನ್ನ ಮಾತಿನ ಮೇಲೆ ಅರ್ಧ ನಂಬಿಕೆಯಾದರೂ ಇತ್ತು. ಉಳಿದಿಬ್ಬರು ಶುದ್ಧ ಸುಳ್ಳು ಹೇಳುತ್ತಿದ್ದರು.

ನಾವು ಜೀವನ್ ಬಿಮಾ ನಗರದವರು. ಅಪ್ಪ ವಿಮಾನ ಕಾರ್ಖಾನೆಯಲ್ಲಿದ್ದರು. ಅಮ್ಮ ವಿಮಾ ಕಚೇರಿಯಲ್ಲಿದ್ದಳು, ಅದೂ ಕ್ಲೇಮು ಪರಿಶೀಲಿಸುವ ವಿಭಾಗದಲ್ಲಿ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಊಟಕ್ಕೆ ಕೂತಾಗ ಅಮ್ಮ ಆಫೀಸಿನ ಕಥೆ ತೆಗೆಯುತ್ತಿದ್ದಳು. ಯಾರೋ ಸಕ್ಕರೆ ಕಾಯಿಲೆ ಇದ್ದದ್ದನ್ನು ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದಾರೆ, ಇನ್ಯಾರೋ ಹೃದಯದ ಆಪರೇಷನ್ ಆಗಿದ್ದನ್ನೇ ಹೇಳಿಲ್ಲ. "ಹಳೇ ಕಾಯಿಲೆ ಮುಚ್ಚಿಟ್ರೆ ಆಮೇಲೆ ಅನುಭವಿಸೋರು ಮನೆ ಮಂದಿ. ಬಾಯಿ ಬಿಟ್ಟು ಹೇಳೋಕೆ ಇವ್ರಿಗೆ ಏನಾಗಿರತ್ತೋ" ಎಂದು ಸಾರಿಗೆ ಅನ್ನ ಕಲಸುತ್ತಾ ಬಯ್ಯುತ್ತಿದ್ದಳು. ನಾನು ಆ ಬೈಗುಳ ಕೇಳಿಕೊಂಡೇ ಬೆಳೆದವಳು.

ಹಾಲುಹಲ್ಲು ಬಿದ್ದರೆ ಅದನ್ನು ಸಗಣಿಯ ಉಂಡೆಯೊಳಗಿಟ್ಟು ಮನೆಯ ಮಾಡಿನ ಮೇಲೆ ಎಸೆಯಬೇಕು. ಆಗ ಹೊಸ ಹಲ್ಲು ನೆಟ್ಟಗೆ ಬರುತ್ತದೆ. ಕಾಲೊನಿಯಲ್ಲಿ ಹೆಂಚಿನ ಮಾಡು ಎಲ್ಲಿಂದ ತರುವುದು? ನಮ್ಮದು ಕೆಳಗಿನ ಮನೆ, ಮೇಲಿನ ಮನೆಯಲ್ಲಿ ತಮಿಳು ಮಾತಾಡುವ ಒಬ್ಬರು ಆಂಟಿ. ಅವರ ತವರು ಹಲಸೂರು, ಕನ್ನಡವನ್ನೂ ನಮ್ಮಷ್ಟೇ ಸಲೀಸಾಗಿ ಆಡುತ್ತಿದ್ದರು. ಅವರ ಮನೆಯ ಮೇಲಿನ ಟೆರೇಸೇ ನಮ್ಮ ಪಾಲಿನ ಮಾಡು. ಅಜ್ಜಿ ಹಾಲಿನವನಿಗೆ ಹೇಳಿ ಒಂದು ಎಲೆಯಲ್ಲಿ ಸಗಣಿ ತರಿಸಿದಳು. ನಾನು ಅಂಗಳದಲ್ಲಿ ನಿಂತು ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಸೆದೆ. ಉಂಡೆ ಮೇಲಿನ ಮನೆಯ ಕಿಟಕಿಯ ಸಜ್ಜಕ್ಕೆ ತಗುಲಿ, ವಾಪಸು ಬಂದು ಕ್ರೋಟನ್ ಕುಂಡದೊಳಗೆ ಬಿತ್ತು. "ಹೋಗ್ಲಿ ಬಿಡು, ಇದು ಇನ್ನು ಬಂದ ಹಾಗೇ" ಎಂದಳು ಅಜ್ಜಿ.

ಅದು ನಿಜಕ್ಕೂ ಬರಲಿಲ್ಲ. ಆಮೇಲೆ ಬಿದ್ದ ದವಡೆ ಹಲ್ಲುಗಳ ಜಾಗದಲ್ಲೂ ಹೆಚ್ಚಿನವು ಬರಲಿಲ್ಲ. ಮುಂದಿನ ಎರಡು ಹಲ್ಲು ಮಾತ್ರ ನೋಡಲು ಸರಿಯಾಗಿಯೇ ಬಂದವು. ಅವುಗಳ ಪಕ್ಕದಲ್ಲಿ ಬಂದವು ಅಕ್ಕಿಕಾಳಿನಷ್ಟಿದ್ದವು, ನಡುನಡುವೆ ಬೆರಳು ತೂರುವಷ್ಟು ಸಂದಿ. ಕುಂಡದೊಳಗೆ ಬಿದ್ದ ಹಲ್ಲಿನಿಂದಲೇ ಇಷ್ಟೆಲ್ಲ ಆಯಿತೆಂದು ನಾನು ನಂಬಿದ್ದೆ. ಸ್ಕೂಲಿನಿಂದ ಬಂದವಳೇ ಆ ಮಣ್ಣು ಕೆದಕುತ್ತಿದ್ದೆ, ಸಿಕ್ಕರೆ ಇನ್ನೊಂದು ಸಲ ಎಸೆಯಬಹುದು ಅಂತ. ಒಂದು ಸಂಜೆ ಮೇಲಿನ ಮನೆ ಆಂಟಿ ಬಟ್ಟೆ ಎತ್ತಿಕೊಂಡು ಇಳಿದು ಬಂದವರು ನನ್ನನ್ನು ನೋಡುತ್ತಾ ನಿಂತರು. "ಏನು ಹುಡುಕ್ತಿದೀಯಾ ಮಾ?" ಎಂದು ಕೇಳಿದರು. ಹೇಳಿದೆ. ಅವರು ಏನೋ ಹೇಳಲು ಬಾಯಿ ತೆರೆದು, ನಮ್ಮ ಮನೆಯ ಬಾಗಿಲ ಕಡೆ ನೋಡಿ, ಸುಮ್ಮನಾದರು. ಆಮೇಲೆ ಮೇಲೆ ಕರೆದುಕೊಂಡು ಹೋಗಿ ಬಿಸಿ ಇಡ್ಲಿ ಕೊಟ್ಟರು. ಅವರ ಮನೆಯಲ್ಲಿ ಉಳಿದ ಮಕ್ಕಳಿಗೆಲ್ಲ ಚಕ್ಕುಲಿ, ನನಗೆ ಮಾತ್ರ ಯಾವಾಗಲೂ ಮೆತ್ತಗಿನದ್ದು. ನನ್ನ ಮೇಲೆ ಅವರಿಗೆ ವಿಶೇಷ ಪ್ರೀತಿ ಎಂದುಕೊಂಡಿದ್ದೆ.

ಇನ್ನೊಂದು ಸಂಗತಿ, ನಡುಮನೆಯ ಗೋಡೆಯ ಮೇಲಿದ್ದ ಫೋಟೊ. ಅದರಲ್ಲಿ ನನಗೆ ಮೂರು ವರ್ಷವೋ ಏನೋ, ಅಪ್ಪ ನನ್ನನ್ನು ಎತ್ತಿಕೊಂಡಿದ್ದಾರೆ. ಇಬ್ಬರದೂ ಬೋಳು ತಲೆ, ತಲೆಯ ತುಂಬ ಗಂಧ. ನನಗೆ ರಕ್ತ ಕಡಿಮೆಯಾಗಿ ತುಂಬ ಹುಷಾರಿರಲಿಲ್ಲವಂತೆ. ಅಪ್ಪ ತಿರುಪತಿಗೆ ಹರಕೆ ಹೊತ್ತರಂತೆ. ವಾಸಿಯಾದ ಮೇಲೆ ಬೆಟ್ಟ ಹತ್ತಿ ಅಪ್ಪ ಮಗಳು ಇಬ್ಬರೂ ಮುಡಿ ಕೊಟ್ಟೆವಂತೆ. ಈ ಕಥೆಯನ್ನು ನಾನು ಸ್ಕೂಲಿನಲ್ಲಿ ಕೊಚ್ಚಿಕೊಂಡಿದ್ದೇನೆ, ಕನ್ನಡ ಪ್ರಬಂಧದಲ್ಲಿ ಬರೆದು ಬಹುಮಾನ ತಗೊಂಡಿದ್ದೇನೆ. ಮೆಟ್ಟಿಲು ಹತ್ತುವಾಗ ಅಪ್ಪನ ಹೆಗಲ ಮೇಲೆ ಕೂತಿದ್ದ ನೆನಪು ಕೂಡ ನನಗಿತ್ತು. ಹತ್ತದ ಬೆಟ್ಟವನ್ನು ನೆನಪು ಮಾಡಿಕೊಳ್ಳುವಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದರು ನನಗೆ.

ಬಾಯಿ ಮುಚ್ಚಿ ನಗುವುದನ್ನು ಬೇಗ ಕಲಿತೆ. ಗ್ರೂಪ್ ಫೋಟೊ ಅಂದರೆ ಹಿಂದಿನ ಸಾಲು. ಹೈಸ್ಕೂಲಿಗೆ ಬಂದಾಗ ಅಮ್ಮನಿಗೇ ತಡೆಯಲಾಗಲಿಲ್ಲ, "ಕ್ಲಿಪ್ ಹಾಕಿಸ್ಬಿಡೋಣ, ಸಂದಿ ಎಲ್ಲಾ ಮುಚ್ಕೊಳ್ಳತ್ತೆ" ಎಂದು ಇಂದಿರಾನಗರದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು. "ಬೇರು ಸ್ವಲ್ಪ ಗಿಡ್ಡ ಇದೆಯಲ್ಲ. ಚಿಕ್ಕವಳಿದ್ದಾಗ ಏನಾದ್ರೂ ದೊಡ್ಡ ಟ್ರೀಟ್‌ಮೆಂಟ್ ಆಗಿತ್ತಾ?" ಎಂದು ಅಮ್ಮನನ್ನು ಕೇಳಿದರು. "ಇಲ್ಲ ಡಾಕ್ಟ್ರೇ" ಎಂದಳು ಅಮ್ಮ. ಗಂಟಲಲ್ಲಿ ಒಂದು ಕೆಮ್ಮೂ ಬರಲಿಲ್ಲ. ಡಾಕ್ಟರು ಕೆಲವರಿಗೆ ಹುಟ್ಟಿನಿಂದ ಹಾಗಿರುತ್ತದೆ ಎಂದುಕೊಂಡು ತಂತಿ ಬಿಗಿದರು. ಪಾಪ, ಅವರ ತಪ್ಪೇನಿದೆ ಇದರಲ್ಲಿ?

ಎರಡು ವರ್ಷ ಆ ತಂತಿ ನನ್ನ ಬಾಯಲ್ಲಿತ್ತು. ಬಿಗಿ ಮಾಡಿಸಿಕೊಂಡು ಬಂದ ವಾರವೆಲ್ಲ ಗಂಜಿ. ಹಲ್ಲು ಅಲ್ಲಾಡಿದ ಹಾಗೆ ಅನ್ನಿಸುತ್ತದೆ ಎಂದರೆ "ಎಲ್ರಿಗೂ ಹಾಗೇ ಅಂತೆ, ಸ್ವಲ್ಪ ತಡ್ಕೋ" ಎನ್ನುತ್ತಿದ್ದಳು ಅಮ್ಮ. ಕೊನೆಗೆ ತಂತಿ ತೆಗೆದರು. ಮುಂದಿನ ಸಂದಿ ಮುಚ್ಚಿತ್ತು. ಅಮ್ಮ ಅವತ್ತೇ ನನ್ನನ್ನು ಸ್ಟುಡಿಯೊಗೆ ಕರೆದುಕೊಂಡು ಹೋಗಿ ಹಲ್ಲು ಕಾಣುವ ಹಾಗೆ ನಗಿಸಿ ಫೋಟೊ ತೆಗೆಸಿದಳು. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಈಗ ನಾನು ಹೊರಮಾವಿನ ಒಂದು ಶಾಲೆಯಲ್ಲಿ ಎರಡನೇ ತರಗತಿಗೆ ಪಾಠ ಹೇಳುತ್ತೇನೆ. ಎರಡನೇ ತರಗತಿ ಎಂದರೆ ಹಲ್ಲು ಬೀಳುವ ತರಗತಿ. ದಿನಾ ಒಬ್ಬರಲ್ಲ ಒಬ್ಬರು ಬಾಯಿಗೆ ಬೆರಳು ಹಾಕಿಕೊಂಡು ಮೇಜಿನ ಹತ್ತಿರ ಬರುತ್ತಾರೆ. ಹೋದ ವರ್ಷ ಒಂದು ಹುಡುಗಿ ತನ್ನ ಹಲ್ಲು ಅಲ್ಲಾಡಿಸಿ ತೋರಿಸುತ್ತಿದ್ದಳು. ನಾನು ಸುಮ್ಮನೆ ನನ್ನ ನಾಲಿಗೆಯನ್ನು ಮುಂದಿನ ಹಲ್ಲಿಗೆ ಒತ್ತಿದೆ. ಅವಳದಕ್ಕಿಂತ ಜಾಸ್ತಿ ಅಲ್ಲಾಡಿತು. ಪಕ್ಕದ್ದೂ ಹಾಗೇ.

ಆಗ ಮನೆಯಲ್ಲಿ ನನಗೆ ಗಂಡು ನೋಡುತ್ತಿದ್ದರು. ಗಂಡಿನ ಕಡೆಯವರು ಬರುವುದರೊಳಗೆ ಸರಿ ಮಾಡಿಸಬೇಕು ಎಂದು ಅಮ್ಮ ತಾನೇ ಜೊತೆಗೆ ಹೊರಟಳು. ಕಮ್ಮನಹಳ್ಳಿಯ ಕ್ಲಿನಿಕ್, ನನ್ನ ವಯಸ್ಸಿನವರೇ ಒಬ್ಬರು ಲೇಡಿ ಡಾಕ್ಟರು. ಇಡೀ ದವಡೆಯ ಎಕ್ಸ್‌ರೇಯನ್ನು ಕಂಪ್ಯೂಟರ್ ಪರದೆಯ ಮೇಲೆ ಹಾಕಿ ತೋರಿಸಿದರು. ನನ್ನ ಹಲ್ಲುಗಳು ಕೆಳಗೆ ಹೋಗುತ್ತಾ ಚೂಪಾಗಿ, ಶುರುವಾಗುವಷ್ಟರಲ್ಲೇ ಮುಗಿದುಹೋಗಿದ್ದವು. ಮುಂದಿನ ಎರಡಕ್ಕಂತೂ ಬೇರು ಇತ್ತು ಎನ್ನುವುದಕ್ಕೆ ಒಂದು ಗುರುತು ಉಳಿದಿತ್ತು, ಅಷ್ಟೆ.

"ಚಿಕ್ಕಂದಿನಲ್ಲಿ ಏನಾದ್ರೂ ಕೀಮೋ ಆಗಿತ್ತಾ? ರೇಡಿಯೇಶನ್?" ಎಂದು ಡಾಕ್ಟರು ಕೇಳಿದರು.

"ಇಲ್ಲ ಡಾಕ್ಟ್ರೇ, ಅಂಥದ್ದೇನೂ ಇಲ್ಲ. ಸ್ವಲ್ಪ ರಕ್ತ ಕಮ್ಮಿ ಇತ್ತು ಅಷ್ಟೆ" ಎಂದಳು ಅಮ್ಮ.

ಡಾಕ್ಟರು ಒಂದು ಗಳಿಗೆ ಅವಳನ್ನು ನೋಡಿ, ನನ್ನ ಕಡೆ ತಿರುಗಿ ನಿಧಾನವಾಗಿ ವಿವರಿಸಿದರು. ದೊಡ್ಡ ಹಲ್ಲುಗಳು ಬಾಯಲ್ಲಿ ಕಾಣಿಸಿಕೊಳ್ಳುವುದು ಆರೇಳು ವರ್ಷಕ್ಕೆ, ಆದರೆ ಒಸಡಿನೊಳಗೆ ಅವುಗಳ ಕೆಲಸ ಅದಕ್ಕೆ ಎಷ್ಟೋ ಮುಂಚೆ ಶುರುವಾಗಿರುತ್ತದೆ. ಬೇಗ ಬೇಗ ಬೆಳೆಯುವ ಕೆಟ್ಟ ಕಣಗಳನ್ನು ಕೊಲ್ಲಲು ಕೊಡುವ ಔಷಧಿಗೆ ಹಲ್ಲಿನ ಮೊಳಕೆಯೂ ಬೇಗ ಬೆಳೆಯುವ ಕಣವೇ. ಇನ್ನೂ ಮೊಳೆಯದಿದ್ದ ಹಲ್ಲು ಬರುವುದೇ ಇಲ್ಲ, ಅರ್ಧ ಆಗಿದ್ದದ್ದು ಸಣ್ಣದಾಗಿ ಉಳಿಯುತ್ತದೆ, ಬೇರು ಗಿಡ್ಡಕ್ಕೆ ನಿಂತುಬಿಡುತ್ತದೆ. "ಇದ್ರಲ್ಲಿ ಒಂದೊಂದು ಹುಟ್ಟಿನಿಂದಾನೂ ಬರಬಹುದು. ಆದ್ರೆ ಇಷ್ಟೂ ಒಟ್ಟಿಗೆ ಕಂಡ್ರೆ ನಾವು ಕೇಳ್ಲೇಬೇಕಾಗತ್ತೆ. ಇಂಥ ಹಲ್ಲಿಗೆ ಕ್ಲಿಪ್ ಹಾಕೋಕೆ ತುಂಬಾ ಯೋಚನೆ ಮಾಡ್ತೀವಿ. ಹಾಕಿದ್ರೂ ಹಗುರವಾಗಿ, ಸ್ವಲ್ಪ ದಿನಕ್ಕೆ. ನಿಮ್ಗೆ ಹಾಕಿದಾರಲ್ಲ, ಇದ್ದ ಬೇರೂ ಕರಗಿಹೋಗಿದೆ. ಮುಂದಿನ ಎರಡನ್ನ ಉಳಿಸ್ಕೊಳ್ಳೋದು ಕಷ್ಟ" ಎಂದರು.

ನಾನು ಅಮ್ಮನ ಮುಖ ನೋಡಿದೆ. ಅವಳು ಕೈಚೀಲದ ಜಿಪ್ಪು ಎಳೆಯುತ್ತಿದ್ದಳು. ಈ ಪ್ರಶ್ನೆಯನ್ನು ನಾನು ಮುಂಚೆಯೇ ಒಂದು ಸಲ ಕೇಳಿದ್ದೆ, ಇದೇ ಉತ್ತರವನ್ನೂ ಕೇಳಿದ್ದೆ ಎನ್ನುವುದು ಆಗ ಹೊಳೆಯಿತು.

ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ನಡುಮನೆಯ ಫೋಟೊದ ಮುಂದೆ ಹೋಗಿ ನಿಂತೆ. ಅದೆಷ್ಟು ಸಲ ಆ ಫೋಟೊ ಒರೆಸಿದ್ದೇನೋ, ಎಷ್ಟು ಜನರಿಗೆ ತೋರಿಸಿದ್ದೇನೋ. ಅಪ್ಪನ ಬೋಳು ತಲೆಯ ಕೆಳಗೆ ದಪ್ಪ ಹುಬ್ಬಿತ್ತು. ನನ್ನ ಬೋಳು ತಲೆಯ ಕೆಳಗೆ ಹುಬ್ಬೇ ಇರಲಿಲ್ಲ. ರೆಪ್ಪೆಗೂದಲೂ ಇರಲಿಲ್ಲ.

"ಅಪ್ಪ, ಮುಡಿ ಕೊಡೋವಾಗ ಹುಬ್ಬೂ ಬೋಳಿಸ್ತಾರಾ?" ಎಂದು ಕೇಳಿದೆ.

ಅಪ್ಪ ಪೇಪರು ಓದುತ್ತಿದ್ದರು. ಅದನ್ನು ನಿಧಾನವಾಗಿ ಮಡಚಿಟ್ಟು ಅಮ್ಮನಿಗೆ, "ಇನ್ನೆಷ್ಟು ದಿನ ಅಂತ? ಹೇಳ್ಬಿಡು" ಎಂದರು.

ಹೇಳಿದಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಯಾರದೋ ಕ್ಲೇಮಿನ ಕಥೆ ಹೇಳುವ ಹಾಗೆ ಹೇಳಿದಳು. ಎರಡೂವರೆ ವರ್ಷಕ್ಕೆ ಬ್ಲಡ್ ಕ್ಯಾನ್ಸರ್. ಐದು ತುಂಬುವವರೆಗೆ ಟ್ರೀಟ್‌ಮೆಂಟು, ರಕ್ತ ಕಮ್ಮಿ ಅಂತ ಹೇಳಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದದ್ದು ಅದಕ್ಕೇ. ಔಷಧಿಗೆ ಕೂದಲು ಉದುರಿತು. ಕನ್ನಡಿಯಲ್ಲಿ ನನ್ನನ್ನು ನಾನೇ ನೋಡಿ ಅಳುತ್ತಿದ್ದೆನಂತೆ, ಅದಕ್ಕೆ ಅಪ್ಪ ಹಲಸೂರಿನ ಕ್ಷೌರದಂಗಡಿಗೆ ಹೋಗಿ ತಾವೂ ಬೋಳಿಸಿಕೊಂಡು ಬಂದರಂತೆ. ಬೆಟ್ಟಕ್ಕೆ ನಾವು ಹೋಗಿಯೇ ಇರಲಿಲ್ಲ. ತಲೆಗೆ ಗಂಧ ಹಚ್ಚಿದ್ದು ಅಮ್ಮನೇ, ಫೋಟೊದಲ್ಲಿ ಹಿಂದೆ ಕಾಣುವ ಗೋಡೆ ಟೆರೇಸಿನ ನೀರಿನ ಟ್ಯಾಂಕಿನದು.

ಅಪ್ಪ ತಲೆ ಬೋಳಿಸಿಕೊಂಡದ್ದು ಕೇಳಿದಾಗ ನನಗೆ ಅಳು ಬಂತು. ಅಲ್ಲಿಗೇ ನಿಂತಿದ್ದರೆ ಅವತ್ತೇ ಇಬ್ಬರನ್ನೂ ತಬ್ಬಿಕೊಂಡು ಎಲ್ಲ ಮರೆತುಬಿಡುತ್ತಿದ್ದೆನೋ ಏನೋ. ಆದರೆ ಕೇಳುವುದು ಇನ್ನೂ ಬಾಕಿಯಿತ್ತು.

"ಹಲ್ಲಿನ ವಿಷಯ ಆಸ್ಪತ್ರೆಯವ್ರು ಹೇಳಿದ್ರಾ?"

"ಹೇಳಿದ್ರು. ಹಲ್ಲಿನ ಡಾಕ್ಟ್ರ ಹತ್ರ ಹೋದಾಗೆಲ್ಲ ಇದನ್ನ ಹೇಳಿ ಅಂದಿದ್ರು."

"ಮತ್ತೆ ಕ್ಲಿಪ್ ಹಾಕಿಸೋವಾಗ ಅವ್ರು ಬಾಯಿ ಬಿಟ್ಟು ಕೇಳಿದ್ರಲ್ಲ ಅಮ್ಮ. ನಾನು ಅಲ್ಲೇ ಕೂತಿದ್ದೆ."

"ನೀನು ಅಲ್ಲೇ ಕೂತಿದ್ದೆ ಅಂತ್ಲೇ ಹೇಳ್ಲಿಲ್ಲ" ಎಂದಳು ಅಮ್ಮ. "ಅಲ್ದೆ ಹೇಳಿದ್ರೆ ಕ್ಲಿಪ್ ಹಾಕಲ್ಲ ಅಂದ್ಬಿಡ್ತಾರೆ ಅಂತ ಭಯ ಆಯ್ತು. ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ನಗೋ ಹಾಗಾಗ್ಲಿ ಅಂತಿತ್ತು ನಂಗೆ."

"ನಿಮ್ಮ ಆಫೀಸಿಗೆ ಬರೋರು ಹೀಗೆ ಮಾಡಿದ್ರೆ ಏನಂತಿದ್ದೆ ನೀನು?"

"ಅದು ಪಾಲಿಸಿ ಕಣೇ. ನೀನು ನನ್ನ ಮಗಳು." ಅವಳ ದನಿ ಏರಿತು. "ಕ್ಯಾನ್ಸರ್ ಅಂದ್ರೆ ಜನ ಹೇಗೆ ನೋಡ್ತಾರೆ ಗೊತ್ತಾ ನಿಂಗೆ? ನಾಳೆ ಯಾರು ಮದುವೆ ಆಗ್ತಾರೆ? ಈ ಬೀದೀಲಿ ಒಬ್ರಿಗೂ ಗೊತ್ತಾಗದ ಹಾಗೆ ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದೀನಿ. ಈಗ ಬರ್ತಿರೋ ಗಂಡಿನ ಕಡೆಯವ್ರಿಗೂ ನೀನು ಹೇಳೋಕೆ ಹೋಗ್ಬೇಡ."

ಕ್ಯಾನ್ಸರಿನ ಮೇಲೆ ನನಗೆ ಸಿಟ್ಟಿಲ್ಲ. ಔಷಧಿಯ ಮೇಲೆ ಮೊದಲೇ ಇಲ್ಲ, ಅದರ ದಯೆಯಿಂದಲೇ ಇವತ್ತು ಕೂತು ಇದನ್ನು ಬರೆಯುತ್ತಿದ್ದೇನೆ. ಬದುಕಿ ಉಳಿದವಳು ಎರಡು ಹಲ್ಲಿಗೆ ಇಷ್ಟು ರಂಪ ಮಾಡುತ್ತಾಳಲ್ಲ ಎಂದು ಯಾರಾದರೂ ಅಂದರೆ ಅನ್ನಲಿ. ನನಗೆ ಉರಿಯುವುದೇ ಬೇರೆ. ಎಲ್ಲ ಗೊತ್ತಿದ್ದೂ ಅಮ್ಮ ದಿನಾ ಬೆಳಿಗ್ಗೆ ನನ್ನ ಬಾಯಿ ತೆರೆಸಿ "ಸರಿಯಾಗಿ ಉಜ್ಜಲ್ಲ, ನಾಲಿಗೆ ಹಾಕ್ತೀಯಾ, ಅದಕ್ಕೇ ಹೀಗೆ" ಎಂದಳಲ್ಲ, ಅದು. ಮಣ್ಣು ಕೆದಕುತ್ತಿದ್ದ ಮಗುವನ್ನು ಕಿಟಕಿಯಿಂದ ನೋಡಿಯೂ ಇಬ್ಬರೂ ಸುಮ್ಮನಿದ್ದರಲ್ಲ, ಅದು. ಕಾಯಿಲೆ ನನ್ನದು, ಬಾಯಿ ನನ್ನದು, ತಪ್ಪೂ ನನ್ನದೇ ಆಯಿತು. ನಿಜ ಮಾತ್ರ ತಮ್ಮ ಹತ್ತಿರ ಇಟ್ಟುಕೊಂಡರು.

ಹಲ್ಲು ಉಳಿಯಲಿಲ್ಲ. ಕಮ್ಮನಹಳ್ಳಿಯ ಡಾಕ್ಟರೇ ಎರಡನ್ನೂ ತೆಗೆದರು. ಅವು ಎಷ್ಟು ಸಲೀಸಾಗಿ ಬಂದವೆಂದರೆ ತೆಗೆದದ್ದೇ ನನಗೆ ಗೊತ್ತಾಗಲಿಲ್ಲ. ಒಸಡು ಆರುವವರೆಗೆ ಮಾಸ್ಕ್ ಹಾಕಿಕೊಂಡು ಪಾಠ ಮಾಡಿದೆ. ನೀರು ಕುಡಿಯಲು ಮಾಸ್ಕ್ ಇಳಿಸಿದಾಗ, ಹಲ್ಲು ಅಲ್ಲಾಡಿಸಿ ತೋರಿಸಿದ್ದ ಅದೇ ಹುಡುಗಿ ನೋಡಿಬಿಟ್ಟಳು. "ಮಿಸ್, ನಿಮ್ಗೂ ಬಿದ್ದೋಯ್ತಾ?" ಎಂದಳು. ಹೌದು ಎಂದೆ. "ಮನೆ ಮೇಲೆ ಎಸೀರಿ ಮಿಸ್, ಬರತ್ತೆ" ಎಂದು ಭರವಸೆ ಕೊಟ್ಟು ಹೋಗಿ ತನ್ನ ಜಾಗದಲ್ಲಿ ಕೂತಳು. ನನಗೆ ನಗು ಬಂತು, ಬಾಯಿ ಮುಚ್ಚಿಕೊಂಡು ನಕ್ಕೆ.

ಆಮೇಲೆ ಎರಡು ಹಲ್ಲಿನ ಒಂದು ಪ್ಲೇಟು ಮಾಡಿಕೊಟ್ಟರು. ಅಂಗುಳಿಗೆ ಅಂಟಿಸಿಕೊಂಡರೆ ಹಲ್ಲು ಬರುತ್ತದೆ, ತೆಗೆದರೆ ಹೋಗುತ್ತದೆ. ಅದನ್ನು ಹಾಕಿಕೊಂಡ ಮೊದಲ ಭಾನುವಾರ ಮೇಲಿನ ಮನೆ ಆಂಟಿ ಒಂದು ಡಬ್ಬಿಯಲ್ಲಿ ಪೊಂಗಲ್ ತಂದರು. ಈಗ ಅವರಿಗೆ ಮಂಡಿ ನೋವು, ಮೆಟ್ಟಿಲು ಇಳಿದು ಬರುವುದೇ ಅಪರೂಪ. ಬಂದು ನನ್ನ ಎದುರಿಗೆ ಕೂತು, ಮಾತಿನ ಮಧ್ಯೆ ನನ್ನ ಬಾಯಿಯನ್ನೇ ನೋಡಿ "ಏನಾಯ್ತು ಮಾ ಹಲ್ಲಿಗೆ?" ಎಂದರು.

ನಾನು ಬಾಯಿ ತೆರೆಯುವ ಮುಂಚೆ ಅಮ್ಮ ಉತ್ತರ ಕೊಟ್ಟಾಗಿತ್ತು. "ಸ್ಕೂಟರಿಂದ ಬಿದ್ಬಿಟ್ಲು ರೀ, ಹೊರಮಾವು ಸಿಗ್ನಲ್ ಹತ್ರ."

"ಅಯ್ಯೋ, ನೋಡ್ಕೊಂಡು ಓಡಿಸ್ಬೇಕಮ್ಮ" ಎಂದರು ಆಂಟಿ. ಬಹಳ ಬೇಗ ಅಂದರು. ಯಾವ ಸಿಗ್ನಲ್, ಯಾವಾಗ, ಬೇರೆಲ್ಲಾದರೂ ಪೆಟ್ಟಾಯಿತಾ, ಏನೂ ಕೇಳಲಿಲ್ಲ.

ನನಗೆ ತಲೆ ಕೆಟ್ಟುಹೋಯಿತು. ಪ್ಲೇಟು ತೆಗೆದು ಟೀಪಾಯಿಯ ಮೇಲೆ, ಪೊಂಗಲ್ ಡಬ್ಬಿಯ ಪಕ್ಕದಲ್ಲಿಟ್ಟೆ. ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲುತ್ತದೆ, ತೊದಲಿಕೊಂಡೇ ಹೇಳಿದೆ. "ನಾನು ಎಲ್ಲಿಂದಾನೂ ಬೀಳ್ಲಿಲ್ಲ ಆಂಟಿ. ಎರಡೂವರೆ ವರ್ಷಕ್ಕೆ ನಂಗೆ ಬ್ಲಡ್ ಕ್ಯಾನ್ಸರ್ ಆಗಿತ್ತು. ಆ ಔಷಧಿಗೆ ಬೇರು ಬೆಳೀಲಿಲ್ಲ."

ಆಂಟಿ ಬೆಚ್ಚಿಬೀಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಅಮ್ಮನ ಕಡೆ ತಿರುಗಿ, "ಕೊನೆಗೂ ಹೇಳ್ಬಿಟ್ರಾ ರೀ?" ಎಂದರು.

ಆಂಟಿಗೆ ಎಷ್ಟೋ ವರ್ಷದಿಂದ ಹೊತ್ತದ್ದನ್ನು ಇಳಿಸಿದಷ್ಟು ಹಗುರವಾಯಿತೆಂದು ಕಾಣುತ್ತದೆ, ನನ್ನ ಕೈ ಹಿಡಿದುಕೊಂಡರು. "ನಾವೆಲ್ಲಾ ಎಷ್ಟು ಬೇಡ್ಕೊಂಡಿದೀವಿ ಗೊತ್ತಾ ಮಾ ನಿಂಗೋಸ್ಕರ? ನೀನು ಆಸ್ಪತ್ರೆಯಿಂದ ಬರ್ತೀಯಾ ಅಂದ್ರೆ ಈ ಬೀದೀಲಿ ಯಾವ ಮಗೂಗೆ ಶೀತ ಇದ್ರೂ, ನಿಂಗೆ ಅಂಟತ್ತೆ ಅಂತ ಆಚೆ ಬಿಡ್ತಿರ್ಲಿಲ್ಲ. ನಿನ್ನ ಹತ್ರ ಬಾಯಿ ಬಿಡಲ್ಲ ಅಂತ ನಿಮ್ಮಮ್ಮ ಒಬ್ಬೊಬ್ಬರ ಹತ್ರಾನೂ ಆಣೆ ಹಾಕಿಸ್ಕೊಂಡಿದ್ರು. ಹಾಲಿನವನ ಹತ್ರಾನೂ."

ನನಗೆ ಸಗಣಿ ತಂದುಕೊಟ್ಟ ಹಾಲಿನವನಿಗೂ ಗೊತ್ತಿತ್ತು. ಅಂದರೆ ಊರಿನಿಂದ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಮದುವೆ, ನಾಲ್ಕು ಜನ, ಬೀದಿಯ ಬಾಯಿ, ಎಲ್ಲ ಬರೀ ಮಾತು. ಇಡೀ ಬೀದಿಯಲ್ಲಿ ಗೊತ್ತಿಲ್ಲದಿದ್ದವಳು ನಾನೊಬ್ಬಳೇ. ನನ್ನೊಬ್ಬಳಿಂದ ಮುಚ್ಚಿಡಲು ಎಲ್ಲರೂ ಸೇರಿ ಅಷ್ಟು ಕಷ್ಟಪಟ್ಟಿದ್ದರು.

"ಪ್ಲೇಟ್ ಹಾಕ್ಕೋ ಪುಟ್ಟಿ, ಪೊಂಗಲ್ ಆರೋಗತ್ತೆ" ಎಂದಳು ಅಮ್ಮ, ಎಲ್ಲೋ ನೋಡುತ್ತಾ.

ನಾನು ಹಾಕಿಕೊಳ್ಳಲಿಲ್ಲ. ಅವಳು ನನ್ನ ಕಡೆ ತಿರುಗುವವರೆಗೆ ಕಾದೆ. ಆಮೇಲೆ ಅವಳ ಮುಖ ನೋಡುತ್ತಾ, ಎರಡು ಹಲ್ಲಿದ್ದ ಜಾಗಕ್ಕೆ ನಾಲಿಗೆ ಹಾಕಿಕೊಂಡು ಕೂತೆ. "ನಾಲಿಗೆ ಒಳಗಿಡೇ" ಎಂದು ಅಮ್ಮ ಈ ಸಲ ಅನ್ನಲಿಲ್ಲ.